ಮದುವೆ ಮನೆಯ ಛಾಯಾಗ್ರಾಹಕರಿಗೆ: ಶಾಸ್ತ್ರ, ಬೆಳಕು, ಲೆಕ್ಕಾಚಾರ

ಒಪ್ಪಿಕೊಂಡ ಮದುವೆಯ ಲಗ್ನಪತ್ರಿಕೆ ಕೈಗೆ ಬಂದ ದಿನವೇ ಛಾಯಾಗ್ರಾಹಕರ ಕೆಲಸ ಆರಂಭವಾಗುತ್ತದೆ. ಮುಹೂರ್ತದ ಹೊತ್ತು, ಆರತಕ್ಷತೆಯ ಸಮಯ, ಕಲ್ಯಾಣ ಮಂಟಪದ ವಿಳಾಸ ಇವೆಲ್ಲವೂ ಪತ್ರಿಕೆಯಲ್ಲಿ ಇರುತ್ತವೆಯಾದರೂ, ನಮಗೆ ಬೇಕಾದ ಬಹುಪಾಲು ವಿವರಗಳು ಅದರಲ್ಲಿ ಸಿಗುವುದಿಲ್ಲ. ಚಪ್ಪರದ ಶಾಸ್ತ್ರ ಮನೆಯಲ್ಲಿಯೋ ಛತ್ರದಲ್ಲಿಯೋ, ವರಪೂಜೆ ಹಿಂದಿನ ಸಂಜೆಯೋ ಅಂದೇ ಬೆಳಿಗ್ಗೆಯೋ, ಆರತಕ್ಷತೆ ಧಾರೆಗೆ ಮೊದಲೋ ಆಮೇಲೋ, ಕಾಶೀಯಾತ್ರೆ ಉಂಟೋ ಇಲ್ಲವೋ ಎಂಬುದನ್ನು ಎರಡೂ ಕಡೆಯ ಹಿರಿಯರೊಂದಿಗೆ ಕುಳಿತು ಕೇಳಿ ಬರೆದುಕೊಳ್ಳಬೇಕು. ವಧೂವರರನ್ನು ಮಾತ್ರ ಕೇಳಿದರೆ ಸಾಲದು. ಅವರಿಗೆ ಆರತಕ್ಷತೆಯ ಉಡುಪಿನ ಬಣ್ಣ ಗೊತ್ತಿರುತ್ತದೆ, ನಾಂದಿ ಎಷ್ಟು ಗಂಟೆಗೆ ಎಂಬುದು ಗೊತ್ತಿರುವುದು ಸೋದರಮಾವನಿಗೆ ಅಥವಾ ಅಜ್ಜಿಗೆ.

ಕರ್ನಾಟಕದಲ್ಲಿ ಎಲ್ಲ ಮದುವೆಗಳಿಗೂ ಒಗ್ಗುವ ಒಂದೇ ಪಟ್ಟಿಯನ್ನು ತಯಾರಿಸಿಟ್ಟುಕೊಳ್ಳಲು ಸಾಧ್ಯವಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಎಲ್ಲರ ಕಣ್ಣು ಮಾಂಗಲ್ಯಧಾರಣೆಯ ಮೇಲಿದ್ದರೆ, ಕರಾವಳಿಯ ಬಂಟರ ಮನೆಗಳಲ್ಲಿ ಧಾರೆಯೆರೆಯುವುದೇ ಮದುವೆಯ ನಡುಬಿಂದು. ಕೊಡವರ ಮದುವೆಯಲ್ಲಿ ಪುರೋಹಿತರ ಮಂತ್ರವಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸುತ್ತಾರೆ, ಬಾಳೆಯ ದಿಂಡುಗಳನ್ನು ಕತ್ತಿಯಿಂದ ಒಂದೇ ಏಟಿಗೆ ಕಡಿಯುವ ದೃಶ್ಯ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸುರಗಿಯ ಸ್ನಾನವನ್ನೂ, ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುವುದನ್ನೂ ಬಿಟ್ಟರೆ ಆಲ್ಬಂ ಅರ್ಧ ಖಾಲಿ ಎಂದೇ ಮನೆಯವರು ಭಾವಿಸುತ್ತಾರೆ. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಯುವ ಮದುವೆಗೆ ಹೋದರೆ ಅಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ. ಪ್ರತಿಜ್ಞೆಯನ್ನು ಓದುವ ಮತ್ತು ಕೇಳುವ ಮುಖಗಳನ್ನೇ ಹಿಡಿಯಬೇಕು. ನಿಮಗೆ ಪರಿಚಯವಿಲ್ಲದ ಸಮುದಾಯದ ಮದುವೆಯನ್ನು ಒಪ್ಪಿಕೊಂಡಾಗ ಅದೇ ಕುಟುಂಬದ ಹಿಂದಿನ ಮದುವೆಯ ಆಲ್ಬಂ ಕೇಳಿ ಪಡೆದು, ಪುಟ ತಿರುವಿ ನೋಡುವುದು ಅತ್ಯಂತ ಸುಲಭವಾದ ಮತ್ತು ಯಾರೂ ಬೇಡವೆನ್ನದ ಪಾಠ.

ಮಂಟಪ ತಲುಪಿದ ಕೂಡಲೇ ಪುರೋಹಿತರನ್ನು ಕಂಡು ಮಾತನಾಡಿಸಿ. ಹೋಮಕುಂಡ ಎಲ್ಲಿರುತ್ತದೆ, ವಧೂವರರು ಯಾವ ದಿಕ್ಕಿಗೆ ಕೂರುತ್ತಾರೆ, ತಾವು ಯಾವ ಬದಿಯಲ್ಲಿರುತ್ತೀರಿ ಎಂದು ಕೇಳಿ, ತಾಳಿ ಕಟ್ಟುವ ಹೊತ್ತಿಗೆ ಅರ್ಧ ಹೆಜ್ಜೆ ಸರಿದು ನಿಂತರೆ ಉಪಕಾರವಾಗುತ್ತದೆ ಎಂದು ವಿನಯದಿಂದ ಹೇಳಿದರೆ ಬಹುತೇಕರು ಒಪ್ಪುತ್ತಾರೆ. ಮಂಟಪಕ್ಕೆ ಚಪ್ಪಲಿ ಹಾಕಿಕೊಂಡು ಏರಬಾರದು, ಕಲಶವನ್ನೂ ಹೋಮದ ಸಾಮಗ್ರಿಯನ್ನೂ ದಾಟಬಾರದು ಎಂಬುದನ್ನು ಸಹಾಯಕರಿಗೂ ಮೊದಲೇ ತಿಳಿಸಿಡಿ. ವಿಡಿಯೊ ತಂಡ ಬೇರೆಯವರದ್ದಾಗಿದ್ದರೆ ಅವರೊಂದಿಗೂ ಬೆಳಿಗ್ಗೆಯೇ ಜಾಗ ಹಂಚಿಕೊಳ್ಳಬೇಕು. ಮುಹೂರ್ತದ ಗಳಿಗೆಯಲ್ಲಿ ಒಬ್ಬರ ಬೆನ್ನನ್ನು ಇನ್ನೊಬ್ಬರು ಚಿತ್ರೀಕರಿಸಿಕೊಂಡ ಮದುವೆಗಳು ಕಡಿಮೆಯೇನಿಲ್ಲ.

ಆ ಗಳಿಗೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅಂತರಪಟದ ಎರಡು ತುದಿಗಳನ್ನು ಇಬ್ಬರು ಹಿಡಿದಿರುತ್ತಾರೆ, ವಧೂವರರ ಕೈಯಲ್ಲಿ ವೀಳ್ಯದೆಲೆಯೊಳಗೆ ಜೀರಿಗೆ ಬೆಲ್ಲ ಇರುತ್ತದೆ, ಮಂಗಳಾಷ್ಟಕ ನಡೆಯುತ್ತಿರುತ್ತದೆ. ಪಟ ಸರಿದಾಗ ಇಬ್ಬರ ಮುಖವೂ ಒಂದೇ ಚೌಕಟ್ಟಿನಲ್ಲಿ ಬರಬೇಕಾದರೆ ನೀವು ಪಟದ ಅಂಚಿನ ನೇರಕ್ಕೆ, ಅಂದರೆ ಅದನ್ನು ಹಿಡಿದವರ ಭುಜದ ಪಕ್ಕದಲ್ಲಿ, ಮೊದಲೇ ನಿಂತಿರಬೇಕು. ಅಲ್ಲಿಂದ ಮಾಂಗಲ್ಯಧಾರಣೆಗೆ ಮಂಟಪದ ಮುಂಭಾಗಕ್ಕೆ ಬಂದು, ವಧುವಿನ ಮುಖಕ್ಕೆ ಎದುರಾಗಿ, ವರನ ಕೈಗಳು ಕಾಣುವಂತೆ ತುಸು ಓರೆಯಾಗಿ ನಿಲ್ಲಿ. ಪುರೋಹಿತರು ಓಲಗದವರ ಕಡೆಗೆ ಕೈಯೆತ್ತಿ ‘ಗಟ್ಟಿಮೇಳ’ ಎಂದ ಕೂಡಲೇ ಡೋಲಿನ ಗತಿ ಏರುತ್ತದೆ. ನಿಮಗೆ ಸಿಗುವ ಕೊನೆಯ ಸೂಚನೆ ಅದೇ, ಅದಾದ ಮೇಲೆ ಲೆನ್ಸ್ ಬದಲಿಸಲು ಹೊತ್ತಿರುವುದಿಲ್ಲ. ಸುತ್ತಲಿನವರ ಕೈಗಳು ಅಕ್ಷತೆಗಾಗಿ ಮೇಲೇಳುತ್ತವೆ, ಇನ್ನೊಂದು ಕೈಯಲ್ಲಿ ಮೊಬೈಲುಗಳು ಏಳುತ್ತವೆ, ಫೋಕಸ್ಸು ಹಾರುವ ಅಕ್ಕಿಕಾಳಿಗೋ ಯಾರದೋ ಬಳೆಗೋ ಜಿಗಿಯುತ್ತದೆ. ಆದ್ದರಿಂದ ಇಡೀ ಚೌಕಟ್ಟನ್ನು ಕ್ಯಾಮೆರಾದ ಆಯ್ಕೆಗೆ ಬಿಡದೆ, ಫೋಕಸ್ ಬಿಂದುವನ್ನು ಚಿಕ್ಕದಾಗಿಸಿ ವಧುವಿನ ಕಣ್ಣಿಗೆ ನಿಲ್ಲಿಸಬೇಕು. ಮೂರು ಗಂಟು ಬೀಳುವಷ್ಟು ಹೊತ್ತು ವರನ ಕೈಗಳ ಜತೆಗೆ ವಧುವಿನ ತಾಯಿಯ ಮುಖವನ್ನೂ ಹಿಡಿಯಲು ಎರಡನೆಯ ಛಾಯಾಗ್ರಾಹಕರೊಬ್ಬರು ಉದ್ದ ಲೆನ್ಸಿನೊಂದಿಗೆ ಕೆಳಗೆ ಇರಲೇಬೇಕೆಂಬುದು ನನ್ನ ನಿಲುವು. ಒಬ್ಬರೇ ಎಷ್ಟು ಚುರುಕಾಗಿದ್ದರೂ ಈ ಎರಡು ಚಿತ್ರಗಳನ್ನು ಒಟ್ಟಿಗೆ ತೆಗೆಯಲಾರರು.

ಬೆಳಕಿನ ವಿಷಯದಲ್ಲಿ ನಮ್ಮ ಕಲ್ಯಾಣ ಮಂಟಪಗಳು ದಯೆ ತೋರುವುದಿಲ್ಲ. ಮೇಲೆ ಹಳದಿ ದೀಪಗಳು, ಬದಿಯಲ್ಲಿ ಬಿಳಿ ಟ್ಯೂಬುಗಳು, ಅಲಂಕಾರದವರು ಹಾಕಿದ ನೇರಳೆ ಮತ್ತು ಕೆಂಪು ಎಲ್‌ಇಡಿಗಳು, ಇವೆಲ್ಲ ಒಂದೇ ಮುಖದ ಮೇಲೆ ಬಿದ್ದರೆ ಯಾವ ತಂತ್ರಾಂಶವೂ ಆ ಬಣ್ಣವನ್ನು ಪೂರ್ತಿ ಸರಿಪಡಿಸಲಾರದು. ಧಾರೆಯ ಹೊತ್ತಿನಲ್ಲಿ ಬಣ್ಣದ ದೀಪಗಳನ್ನು ಆರಿಸುವಂತೆ ಅಲಂಕಾರದವರಿಗೆ ಮನೆಯವರ ಬಾಯಿಂದಲೇ ಹೇಳಿಸಿ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ; ಫ್ಲ್ಯಾಶ್ ಇಲ್ಲದೆ ತೆಗೆಯುವಾಗ ಶಟರ್ ವೇಗವನ್ನು 1/100 ಅಥವಾ 1/50ಕ್ಕೆ ಇಟ್ಟರೆ ಚಿತ್ರದಲ್ಲಿ ಪಟ್ಟೆಗಳು ಬೀಳುವುದು ತಪ್ಪುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸುವವರಿಗೆ ಈ ಪಟ್ಟೆಗಳ ಕಾಟ ಹೆಚ್ಚು; ಮಂಟಪದೊಳಗೆ ಯಾಂತ್ರಿಕ ಶಟರೇ ಕ್ಷೇಮ. ಛಾವಣಿ ಬಿಳಿಯಾಗಿ, ತಗ್ಗಾಗಿ ಇದ್ದರೆ ಫ್ಲ್ಯಾಶನ್ನು ಮೇಲಕ್ಕೆ ಚಿಮ್ಮಿಸಿ. ಎತ್ತರದ ಛಾವಣಿಯಾದರೆ ಮಂಟಪದ ಎರಡು ಬದಿಗೆ ಸ್ಟ್ಯಾಂಡಿನ ಮೇಲೆ ದೀಪಗಳನ್ನು ಇರಿಸಬೇಕಾಗುತ್ತದೆ. ಹೋಮದ ಹೊಗೆಗೆ ನೇರವಾಗಿ ಫ್ಲ್ಯಾಶ್ ಹೊಡೆದರೆ ಚಿತ್ರವಿಡೀ ಬೂದುಬಣ್ಣದ ಪರದೆಯಾಗುತ್ತದೆ. ಹೊಗೆ ಯಾವ ಕಡೆಗೆ ಸಾಗುತ್ತಿದೆ ಎಂದು ನೋಡಿ ಎದುರು ಬದಿಗೆ ಸರಿಯಿರಿ.

ವರನ ಬಿಳಿ ಪಂಚೆಯೂ ವಧುವಿನ ಕಡುಗೆಂಪು ರೇಷ್ಮೆ ಸೀರೆಯೂ ಅಕ್ಕಪಕ್ಕದಲ್ಲಿ ಇರುವಾಗ ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರು ಗೊಂದಲಕ್ಕೆ ಬೀಳುತ್ತದೆ. ಸೀರೆ ಚೌಕಟ್ಟನ್ನು ತುಂಬಿದರೆ ಪಂಚೆ ಸುಟ್ಟುಹೋಗುತ್ತದೆ, ಅಂದರೆ ಬೆಳಕು ಹೆಚ್ಚಾಗಿ ವಿವರವಿಲ್ಲದ ಬರೀ ಬಿಳುಪಾಗುತ್ತದೆ, ಪಂಚೆ ತುಂಬಿದರೆ ಮುಖಗಳು ಕಪ್ಪಿಡುತ್ತವೆ. ಮ್ಯಾನುಯಲ್ ಕ್ರಮದಲ್ಲಿ, ಪಂಚೆಯ ಮಡಿಕೆಗಳು ಉಳಿಯುವಷ್ಟಕ್ಕೆ ಬೆಳಕನ್ನು ನಿಲ್ಲಿಸಿ, ರಾ ಕಡತದಲ್ಲಿ (ಕ್ಯಾಮೆರಾ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಕಡತ) ತೆಗೆದುಕೊಂಡರೆ ಮುಖದ ನೆರಳನ್ನು ಆಮೇಲೆ ಎತ್ತಬಹುದು. ಸುಟ್ಟ ಬಿಳುಪನ್ನು ಮರಳಿ ತರುವ ದಾರಿಯಿಲ್ಲ. ಉಪಕರಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಎರಡು ಕ್ಯಾಮೆರಾ, 24-70 ಎಂಎಂ ಲೆನ್ಸು, 85 ಎಂಎಂ ಅಥವಾ 70-200 ಎಂಎಂ, ಎರಡು ಫ್ಲ್ಯಾಶು, ಮತ್ತು ಏಕಕಾಲದಲ್ಲಿ ಎರಡು ಕಾರ್ಡುಗಳಿಗೆ ಬರೆಯುವ ವ್ಯವಸ್ಥೆ. ಈ ಕೊನೆಯದು ಇಲ್ಲದ ಕ್ಯಾಮೆರಾದಲ್ಲಿ ಬೇರೊಬ್ಬರ ಮದುವೆಯನ್ನು ತೆಗೆಯಲು ಒಪ್ಪಿಕೊಳ್ಳಬೇಡಿ.

ಭಾವಚಿತ್ರಗಳಿಗೆ ಮದುವೆಯ ದಿನ ಸಿಗುವ ಅವಕಾಶ ಬಹಳ ಸಣ್ಣದು: ಅಲಂಕಾರ ಮುಗಿದು, ವಧುವನ್ನು ಕರೆತರಲು ಸೋದರಮಾವ ಬರುವುದರೊಳಗಿನ ಕೆಲವು ನಿಮಿಷ. ಆ ಕೋಣೆಯ ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿ, ವಧುವನ್ನು ಕಿಟಕಿಯ ಪಕ್ಕ, ಬೆಳಕು ಮುಖದ ಒಂದು ಬದಿಯಿಂದ ಬರುವಂತೆ ಕೂರಿಸಿ. 85 ಎಂಎಂ ಲೆನ್ಸಿನಲ್ಲಿ ಹತ್ತಿರದ ಕಣ್ಣಿಗೆ ಫೋಕಸ್ ಇಟ್ಟು, ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್ 2ರಿಂದ ಎಫ್ 2.8ರ ನಡುವೆ ಇರಿಸಿದರೆ ಮೂಗುತಿಯೂ ಬೈತಲೆ ಬೊಟ್ಟೂ ಸ್ಪಷ್ಟವಾಗಿ ಉಳಿಯುತ್ತವೆ. ಕನ್ನಡಕ ಹಾಕುವ ಅಜ್ಜಿಯ ಚಿತ್ರ ತೆಗೆಯುವಾಗ ಕನ್ನಡಕ ತೆಗೆಯಲು ಹೇಳಬೇಡಿ. ಅದಿಲ್ಲದ ಮುಖ ಮೊಮ್ಮಕ್ಕಳಿಗೆ ಪರಿಚಯವೇ ಇರುವುದಿಲ್ಲ. ಬೆಳಕನ್ನು ತುಸು ಎತ್ತರಿಸಿ, ಗಲ್ಲವನ್ನು ಕೂದಲೆಳೆಯಷ್ಟು ತಗ್ಗಿಸಲು ಹೇಳಿದರೆ ಗಾಜಿನ ಮೇಲಿನ ಹೊಳಪು ಹೋಗುತ್ತದೆ. ಹಳ್ಳಿಯ ಹಿರಿಯರು ಕ್ಯಾಮೆರಾ ಎದುರು ಬಿಗಿಯಾಗಿ ಕೂರುತ್ತಾರೆ. ‘ನಗಿ’ ಎನ್ನುವ ಬದಲು ಈ ವರ್ಷ ಮಳೆ ಹೇಗೆ, ರಾಗಿ ಹೇಗೆ ಎಂದು ಕೇಳಿ. ಉತ್ತರ ಹೇಳುವಾಗಿನ ಮುಖವೇ ನಿಮಗೆ ಬೇಕಾದದ್ದು.

ಇಲ್ಲಿ ಒಂದು ಮಾತನ್ನು ಹೇಳದಿರಲಾರೆ. ಅನೇಕ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡ ತಾಯಿಯನ್ನು ಶಾಸ್ತ್ರದ ಹೊತ್ತಿನಲ್ಲಿ ಹಿಂದಕ್ಕೆ ಸರಿಸುತ್ತಾರೆ, ಧಾರೆಯನ್ನು ಚಿಕ್ಕಪ್ಪ ಚಿಕ್ಕಮ್ಮ ಎರೆಯುತ್ತಾರೆ, ಕೊನೆಗೆ ಮಗಳ ಮದುವೆಯ ಆಲ್ಬಂನಲ್ಲಿ ತಾಯಿಯೇ ಇರುವುದಿಲ್ಲ. ಮನೆಯ ಪದ್ಧತಿಯನ್ನು ತಿದ್ದುವುದು ಛಾಯಾಗ್ರಾಹಕರ ಕೈಯಲ್ಲಿಲ್ಲ. ಆದರೆ ಅಲಂಕಾರದ ಕೋಣೆಯಲ್ಲಿ ತಾಯಿ ಮಗಳನ್ನು ಕೂರಿಸಿ ತೆಗೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಗುಂಪು ಚಿತ್ರಗಳನ್ನು ಕ್ಯಾಂಡಿಡ್ (ಪೋಸ್ ಇಲ್ಲದ ಸಹಜ ಚಿತ್ರಗಳ) ಛಾಯಾಗ್ರಾಹಕರು ಕೀಳಾಗಿ ಕಾಣುವ ರೂಢಿಯೊಂದು ಬೆಳೆದಿದೆ, ಇದು ಸರಿಯಲ್ಲ. ಎರಡು ಸಾಲಿನ ಗುಂಪಿಗೆ ಅಪರ್ಚರನ್ನು ಎಫ್ 5.6 ಅಥವಾ ಎಫ್ 8ಕ್ಕೆ ಇಳಿಸದಿದ್ದರೆ ಹಿಂದಿನ ಸಾಲು ಮಸುಕಾಗುತ್ತದೆ. ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರಾದ್ದರಿಂದ ಪ್ರತಿ ಗುಂಪಿಗೂ ಕನಿಷ್ಠ ಮೂರು ಚಿತ್ರ ತೆಗೆಯಿರಿ. ಬರಲೇಬೇಕಾದ ಸಂಬಂಧಿಕರ ಪಟ್ಟಿಯನ್ನು ಎರಡೂ ಕಡೆಯಿಂದ ಮೊದಲೇ ಬರೆಸಿಕೊಂಡು, ಎಲ್ಲರನ್ನೂ ಹೆಸರು ಹಿಡಿದು ಕರೆಯಬಲ್ಲ ದೊಡ್ಡ ಗಂಟಲಿನ ನೆಂಟರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಆರತಕ್ಷತೆಯ ಸಾಲು ಊಟದ ಮನೆಯವರೆಗೆ ಬೆಳೆದಾಗ ಹತ್ತಿರದವರೇ ಫೋಟೊ ಇಲ್ಲದೆ ಹೊರಟುಹೋಗುತ್ತಾರೆ. ಅವರನ್ನು ಸಾಲು ಶುರುವಾಗುವ ಮುನ್ನವೇ ತೆಗೆದು ಮುಗಿಸುವುದು ಜಾಣತನ.

ಡ್ರೋನ್ ಬೇಕೆಂದು ಈಗ ಬಹುತೇಕರು ಕೇಳುತ್ತಾರೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ಹಣಕ್ಕಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಬೆಂಗಳೂರಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣ, ಎಚ್‌ಎಎಲ್ ಮತ್ತು ಯಲಹಂಕದ ವಾಯುನೆಲೆಗಳು ಇರುವುದರಿಂದ ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಮಾತು ಕೊಡಬೇಡಿ.

ಇನ್ನು ವ್ಯವಹಾರ. ದಿನಾಂಕ ಕಾಯ್ದಿರಿಸುವಾಗ ಮುಂಗಡ, ಮದುವೆಯ ದಿನ ದೊಡ್ಡ ಪಾಲು, ಆಲ್ಬಂ ಮುದ್ರಣಕ್ಕೆ ಕಳಿಸುವ ಮುನ್ನ ಉಳಿದದ್ದು ಎಂದು ಲಿಖಿತ ಒಪ್ಪಂದದಲ್ಲಿ ನಮೂದಿಸಿ. ಆಲ್ಬಂ ಕೊಟ್ಟ ಮೇಲೆ ಬರಬೇಕಾದ ಬಾಕಿ ಬರುವುದು ಅಪರೂಪ. ಎಷ್ಟು ಗಂಟೆಯ ಕೆಲಸ, ಎಷ್ಟು ಜನ, ಎಷ್ಟು ಪುಟದ ಆಲ್ಬಂ, ಊರಾಚೆಯ ಪ್ರಯಾಣದ ಖರ್ಚು ಯಾರದ್ದು, ಮದುವೆ ಮುಂದೂಡಿದರೆ ಮುಂಗಡ ಏನಾಗುತ್ತದೆ ಎಂಬುದೂ ಅದರಲ್ಲಿ ಇರಲಿ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುತ್ತದೆ; ಶೇ 18ರ ತೆರಿಗೆಯನ್ನು ದರದೊಳಗೆ ಸೇರಿಸಿದ್ದೀರೋ ಪ್ರತ್ಯೇಕವೋ ಎಂದು ಮೊದಲೇ ಹೇಳದಿದ್ದರೆ ಜಗಳ ಖಚಿತ.

ಚಿತ್ರಗಳ ಹಕ್ಕಿನ ಬಗ್ಗೆ ಬಹಳ ಛಾಯಾಗ್ರಾಹಕರಿಗೆ ತಪ್ಪು ತಿಳಿವಳಿಕೆಯಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಯಾರಾದರೂ ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಆದ್ದರಿಂದ ನಿಮ್ಮ ಇನ್‌ಸ್ಟಾಗ್ರಾಂ ಪುಟಕ್ಕೋ ಮಾದರಿ ಆಲ್ಬಂಗೋ ಚಿತ್ರ ಬೇಕಿದ್ದರೆ ಒಪ್ಪಂದದಲ್ಲಿಯೇ ಅನುಮತಿ ಪಡೆಯಿರಿ, ಬೇಡವೆಂದವರ ಚಿತ್ರವನ್ನು ಹಾಕಬೇಡಿ.

ಆಷಾಢ ಮತ್ತು ಧನುರ್ಮಾಸದಲ್ಲಿ ಹೆಚ್ಚಿನ ಹಿಂದೂ ಮನೆಗಳಲ್ಲಿ ಮದುವೆ ನಡೆಯುವುದಿಲ್ಲ. ಆ ತಿಂಗಳುಗಳನ್ನು ಕುಟುಂಬದ ಭಾವಚಿತ್ರ, ಮಗುವಿನ ನಾಮಕರಣ, ಷಷ್ಟ್ಯಬ್ದಿಯ ಜೋಡಿಚಿತ್ರಗಳ ಕೆಲಸಕ್ಕೂ, ಬಾಕಿ ಉಳಿದ ಆಲ್ಬಂಗಳಿಗೂ ಮೀಸಲಿಡಿ. ಆಲ್ಬಂ ತಡವಾಗಲು ಮುಖ್ಯ ಕಾರಣ ಮನೆಯವರು ಚಿತ್ರಗಳನ್ನು ಆರಿಸಿಕೊಡದಿರುವುದು. ಇಂಥ ದಿನಾಂಕದೊಳಗೆ ಆಯ್ಕೆ ಬಾರದಿದ್ದರೆ ನಾವೇ ಆರಿಸುತ್ತೇವೆ ಎಂಬ ಸಾಲೊಂದು ಒಪ್ಪಂದದಲ್ಲಿದ್ದರೆ ಕೆಲಸ ಸಾಗುತ್ತದೆ. ಮದುವೆಯ ರಾತ್ರಿಯೇ, ಎಷ್ಟೇ ದಣಿದಿದ್ದರೂ, ಕಾರ್ಡುಗಳ ಚಿತ್ರಗಳನ್ನು ಎರಡು ಹಾರ್ಡ್ ಡಿಸ್ಕುಗಳಿಗೆ ಇಳಿಸಿ, ಒಂದನ್ನು ಬೇರೆ ಮನೆಯಲ್ಲಿ ಇರಿಸಿ. ಚಿತ್ರಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸದೆ ಕಾರ್ಡನ್ನು ಅಳಿಸಬೇಡಿ. ಆಲ್ಬಂ ತಲುಪಿದ ಮೇಲೆ ಮೂಲ ಕಡತಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಒಪ್ಪಂದದಲ್ಲಿ ಬರೆದಿದ್ದರೂ, ಅಳಿಸುವ ಒಂದು ತಿಂಗಳ ಮುಂಚೆ ಆ ಮನೆಯವರಿಗೆ ಮತ್ತೊಮ್ಮೆ ಕರೆ ಮಾಡಿ ತಿಳಿಸಿ, ಬೇಕೆಂದರೆ ಅವರದೇ ಹಾರ್ಡ್ ಡಿಸ್ಕಿಗೆ ಹಾಕಿಕೊಡಿ.