ದೀಕ್ಷಾಸ್ನಾನಕ್ಕೆ ಮುನ್ನ ಮಾನಸಾಂತರವನ್ನು ಪರೀಕ್ಷಿಸುವ ಬಗೆ

ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರುವಾಗ ನೀರಿನಿಂದ ನಡೆಸುವ ಸಂಸ್ಕಾರ) ಬಯಸಿ ಬಂದವರು ಯಾವ ಕೂಟದಲ್ಲಿ ಕೈಯೆತ್ತಿ ಪ್ರಾರ್ಥಿಸಿದರು ಎಂಬುದಕ್ಕಿಂತ, ಆ ಬಳಿಕ ಅವರ ಬದುಕಿನಲ್ಲಿ ಏನು ಬದಲಾಗಿದೆ ಎಂಬುದನ್ನು ಸಭಾಪಾಲಕರು ಮೊದಲು ವಿಚಾರಿಸಬೇಕು; ಮಾನಸಾಂತರವೆಂದರೆ ಪಾಪವನ್ನು ಬಿಟ್ಟು ದೇವರ ಕಡೆಗೆ ತಿರುಗುವುದು. ಬೈಬಲಿನ ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಬರುವ ಸಮಾರ್ಯದ ಮಂತ್ರವಾದಿ ಸೀಮೋನನು ನಂಬಿದನು, ದೀಕ್ಷಾಸ್ನಾನ ಪಡೆದನು, ಅಲ್ಲಿ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನ ಜೊತೆಯಲ್ಲೇ ಇದ್ದನು; ಆದರೂ ಪವಿತ್ರಾತ್ಮನನ್ನು ಕೊಡುವ ಅಧಿಕಾರವನ್ನು ಹಣ ತೆತ್ತು ಪಡೆಯಲು ಹೊರಟಾಗ, ಅವನ ಹೃದಯ ದೇವರ ಮುಂದೆ ಸರಿಯಾಗಿಲ್ಲವೆಂದು ಯೇಸುವಿನ ಶಿಷ್ಯ ಪೇತ್ರನು ಅವನ ಮುಖಕ್ಕೇ ಹೇಳಿದನು. ಆದ್ದರಿಂದ ಬಂದವರಿಗೆ ಬೇಕಾಗಿರುವುದು ಕ್ರಿಸ್ತನೋ, ಇಲ್ಲವೇ ರೋಗಶಮನ, ಮದುವೆ ಅಥವಾ ಸಭೆಯಲ್ಲಿ ಸ್ಥಾನವೋ ಎಂದು ಮೃದುವಾಗಿ, ಆದರೆ ಮುಚ್ಚುಮರೆಯಿಲ್ಲದೆ ಕೇಳಿ.

ಕಣ್ಣೀರನ್ನು ಪುರಾವೆಯೆಂದು ಎಣಿಸಬೇಡಿ. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವನಾದ ಜಕ್ಕಾಯನು ಅತ್ತನೆಂದು ಸುವಾರ್ತೆಯಲ್ಲಿ ಲೂಕನು ಬರೆದಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಅವನು ಹೇಳಿದ್ದನ್ನು ಬರೆದಿದ್ದಾನೆ. ಹಾಗೆಯೇ ತೀರಿಸದ ಸಾಲ, ಮಾತು ಬಿಟ್ಟ ಸೋದರ, ರಹಸ್ಯವಾಗಿ ಮುಂದುವರಿದ ಪಾಪ ಇವುಗಳ ಬಗ್ಗೆ ವಿಚಾರಿಸಿ. (ಈ ವಿಷಯದಲ್ಲಿ ಸಭೆಯವರಿಗಿಂತ ಮನೆಯವರ ಸಾಕ್ಷ್ಯವೇ ಹೆಚ್ಚು ನಂಬಲರ್ಹ.)

ಪರಿಪೂರ್ಣತೆಯನ್ನಂತೂ ನಿರೀಕ್ಷಿಸಬೇಡಿ, ಯೇಸುವನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದ ಪೇತ್ರನೂ ತಿರುಗಿಕೊಂಡನು. ಸಂದೇಹ ಉಳಿದರೆ ನಿರಾಕರಿಸದೆ ದಿನಾಂಕವನ್ನು ಕೆಲವು ತಿಂಗಳು ಮುಂದೂಡಿ, ಅಷ್ಟರಲ್ಲಿ ಅವರೊಡನೆ ಕುಳಿತು ಮಾರ್ಕನ ಸುವಾರ್ತೆಯನ್ನು ಓದಿ.