ಗೊಂಬೆ ವೀರರಿಗೊಬ್ಬ ಎದುರಾಳಿ: ರಬ್ಬರ್ ಹಾಲಿನಿಂದ ಮನೆಯಲ್ಲೇ ಒಂದು ದೈತ್ಯಗಪ್ಪೆ

ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತ ಆ್ಯಕ್ಷನ್ ಫಿಗರ್‌ಗಳ, ಎಂದರೆ ಕೈಕಾಲು ಮಡಚಬಲ್ಲ ವೀರರ ಗೊಂಬೆಗಳ, ನಡುವೆ, ಒತ್ತಿದರೆ ತಗ್ಗುವ, ಸುಕ್ಕುಚರ್ಮದ ಒಂದು ಪ್ರಾಣಿಯನ್ನು ಕೂರಿಸಿದರೆ ಇಡೀ ಕಪಾಟಿಗೇ ಜೀವ ಬರುತ್ತದೆ. ಅಂಥದ್ದನ್ನು ಲೇಟೆಕ್ಸ್‌ನಿಂದ, ಎಂದರೆ ರಬ್ಬರ್ ಹಾಲಿನಿಂದ, ಮುಂಬಯಿ ಬಳಿಯ ಡೊಂಬಿವಲಿಯ ಫ್ಲ್ಯಾಟಿನ ಬಾಲ್ಕನಿಯಲ್ಲೂ ಮಾಡಬಹುದು. ಹಾಲಿನಲ್ಲಿರುವ ನೀರನ್ನು ಪ್ಲಾಸ್ಟರ್ ಅಚ್ಚು ಹೀರಬೇಕು, ಅಚ್ಚು ಹೀರಿದ್ದನ್ನು ಗಾಳಿ ಒಯ್ಯಬೇಕು. ಕೆಲಸದ ಗುಟ್ಟು ಇಷ್ಟೇ. ಮುಂಬಯಿಯ ಮಳೆಗಾಲದ ಗಾಳಿಗೆ ಆ ಶಕ್ತಿ ಇಲ್ಲ. ಮೊದಲ ಸಲ ನಾನು ಜುಲೈ ತಿಂಗಳಲ್ಲಿ ಮಾಡಹೊರಟಾಗ ಅಚ್ಚು ಒಣಗದೆ, ಪ್ರಾಣಿಯ ಹೊಟ್ಟೆಯ ಭಾಗ ಅಚ್ಚಿಗೇ ಅಂಟಿ ಹರಿದುಹೋಯಿತು. ದೀಪಾವಳಿ ಕಳೆದ ಮೇಲೆ, ಹೋಳಿಯೊಳಗೆ ಇದನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಮೊದಲು ಅಳತೆಯನ್ನು ನಿರ್ಧರಿಸಬೇಕು. ಆರು ಅಂಗುಲದ ಗೊಂಬೆಗಳು 1:12 ಪ್ರಮಾಣದವು. ಅವುಗಳ ಲೋಕದಲ್ಲಿ ಒಂದು ಅಂಗುಲವೆಂದರೆ ಒಂದು ಅಡಿ. 1982ರಲ್ಲಿ ಬಂದ, ಮುಂದೆ ಭಾರತದಲ್ಲಿ ಫನ್‌ಸ್ಕೂಲ್ ತಯಾರಿಸಿದ 3.75 ಅಂಗುಲದ ಜಿ.ಐ. ಜೋ ಗೊಂಬೆಗಳು ಸುಮಾರು 1:18 ಪ್ರಮಾಣದವು. ನಾನು ಆರಿಸಿಕೊಂಡದ್ದು ಗೂಳಿಗಪ್ಪೆಯನ್ನು ಹೋಲುವ ದೈತ್ಯ. ಕುಕ್ಕರಗಾಲಿನಲ್ಲಿ ಕೂತ ಎಂಟು ಅಂಗುಲದ ಆಕೃತಿ. ಕೈಕಾಲುಗಳು ಮೈಗೆ ಅಂಟಿಕೊಂಡಿರುವ ಇಂಥ ಭಂಗಿ ಅಚ್ಚಿನಿಂದ ಸುಲಭವಾಗಿ ಹೊರಬರುತ್ತದೆ. ಲೇಟೆಕ್ಸ್ ಒಣಗುವಾಗ ಕುಗ್ಗುವುದರಿಂದ ಮೂಲ ಆಕೃತಿಯನ್ನು ಬೇಕಾದುದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ತಿದ್ದಬೇಕು.

ತಿದ್ದಲು ಗಣಪತಿ ಮೂರ್ತಿಗಳಿಗೆ ಬಳಸುವ ಶಾಡೂ ಮಣ್ಣಿಗಿಂತ ಉತ್ತಮವಾದದ್ದು ಬೇಡ. ಚೌತಿಯ ಮುಂಚೆ ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಚಳಿಗಾಲದವರೆಗೂ ಮೆತ್ತಗಿರುತ್ತದೆ. ಚರ್ಮದ ಗಂಟುಗಳಿಗಾಗಿ ನಾನು ಹಾಗಲಕಾಯಿಯ ಮೊರೆಹೊಕ್ಕೆ. ಕಾಯಿಯ ಮೇಲೆ ಲೇಟೆಕ್ಸನ್ನು ನಾಲ್ಕೈದು ಸಲ ಹಚ್ಚಿ, ಪ್ರತಿ ಸಲವೂ ಒಣಗಲು ಬಿಟ್ಟು, ಕೊನೆಗೆ ಪೌಡರ್ ಹಾಕಿ ಸಿಪ್ಪೆಯಂತೆ ಸುಲಿದರೆ, ಒಳಮೈಯಲ್ಲಿ ಕಾಯಿಯ ಉಬ್ಬುಗಳೆಲ್ಲ ತಗ್ಗುಗಳಾಗಿ ಮೂಡಿರುವ ತೆಳ್ಳನೆಯ ಹಾಳೆ ಸಿಗುತ್ತದೆ. ಆ ಹಾಳೆಯನ್ನು ಹಸಿಮಣ್ಣಿನ ಬೆನ್ನಿಗೆ ಹೆಬ್ಬೆರಳಿನಿಂದ ಒತ್ತಿ ಎತ್ತಿದಾಗ ಅವೇ ಗಂಟುಗಳು ಮತ್ತೆ ಉಬ್ಬಿ ನಿಲ್ಲುತ್ತವೆ. ಕಿತ್ತಳೆ ಸಿಪ್ಪೆಯಿಂದ ಇದೇ ರೀತಿ ಹೊಟ್ಟೆಯ ಸಣ್ಣ ರಂಧ್ರಗಳನ್ನು ಪಡೆಯಬಹುದು.

ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು. ಆಕೃತಿಯನ್ನು ಅರ್ಧದವರೆಗೆ ಮಣ್ಣಿನ ಹಾಸಿಗೆಯಲ್ಲಿ ಹುದುಗಿಸಿ, ಎರಡು ಭಾಗಗಳು ಮುಂದೆ ಸರಿಯಾಗಿ ಕೂಡಿಕೊಳ್ಳಲೆಂದು ಅಂಚಿನಲ್ಲಿ ಮೂರು ಕುಳಿಗಳನ್ನು ತೋಡಿ, ಸುತ್ತಲೂ ರಟ್ಟಿನ ಗೋಡೆ ಕಟ್ಟಬೇಕು. ನೀರಿಗೆ ಪುಡಿಯನ್ನು ಉದುರಿಸಬೇಕೇ ಹೊರತು ಪುಡಿಗೆ ನೀರನ್ನಲ್ಲ. ಪ್ಲಾಸ್ಟರ್ ಗಟ್ಟಿಯಾಗುವಾಗ ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು, ಆದ್ದರಿಂದ ಅದರಲ್ಲಿ ಕೈ ಹುದುಗಿಸಿಕೊಂಡಿರಬಾರದು. ಉಳಿದದ್ದನ್ನು ಮೋರಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಮೊದಲ ಅರ್ಧ ಗಟ್ಟಿಯಾದ ಮೇಲೆ ತಿರುಗಿಸಿ, ಮಣ್ಣಿನ ಹಾಸಿಗೆ ತೆಗೆದು, ಅಂಚಿಗೆ ಸೋಪಿನ ದ್ರಾವಣ ಸವರಿ ಎರಡನೆಯ ಅರ್ಧವನ್ನು ಎರೆಯಬೇಕು. ಎಣ್ಣೆ, ವ್ಯಾಸಲೀನ್ ಬೇಡ. ಅವು ರಬ್ಬರನ್ನು ಕೆಡಿಸುತ್ತವೆ. ಸುರಿಯುವ ಬಾಯಿಯನ್ನು ಪ್ರಾಣಿಯ ತಳದಲ್ಲಿ ಬಿಡಬೇಕು. ಮಣ್ಣನ್ನು ತೆಗೆದು ತೊಳೆದ ಅಚ್ಚನ್ನು ಫ್ಯಾನಿನಡಿ ಒಂದು ವಾರವಾದರೂ ಇಡಬೇಕು. ಕೆನ್ನೆಗೆ ಒತ್ತಿ ನೋಡಿದಾಗ ತಣ್ಣಗೆ ಅನ್ನಿಸಿದರೆ ಅದರಲ್ಲಿ ಇನ್ನೂ ನೀರಿದೆ ಎಂದೇ ಅರ್ಥ.

ಕೊಳ್ಳುವಾಗ ಅಚ್ಚಿಗೆ ಎರೆಯುವ, ಮೊದಲೇ ವಲ್ಕನೀಕರಿಸಿದ, ಎಂದರೆ ಗಂಧಕದೊಂದಿಗೆ ಕಾಯಿಸಿ ಹದಗೊಳಿಸಿದ, ಲೇಟೆಕ್ಸನ್ನು ಕೇಳಿ ತರಬೇಕು. ಅದರಲ್ಲಿ ಅಮೋನಿಯಾ ಇರುವುದರಿಂದ ಕಿಟಕಿಗಳನ್ನು ತೆರೆದಿಡಬೇಕು. ಲೇಟೆಕ್ಸ್ ಅಲರ್ಜಿ ಇರುವವರು ಇದನ್ನು ಮುಟ್ಟಲೇಬಾರದು. ಬಟ್ಟೆಗೆ ತಾಗಿದ್ದು ಹೋಗುವುದಿಲ್ಲ, ಬ್ರಷ್ಷನ್ನು ಮೊದಲೇ ಸೋಪಿನ ನೀರಿನಲ್ಲಿ ಅದ್ದಿಕೊಳ್ಳದಿದ್ದರೆ ಅದೂ ಉಳಿಯುವುದಿಲ್ಲ. ಕಪ್ಪೆಯ ಬಾಯಿ, ಬೆರಳುಗಳ ಮೂಲೆಗಳಿಗೆ ಬ್ರಷ್ಷಿನಿಂದ ಒಂದು ಪದರ ಹಚ್ಚಿ, ಅಚ್ಚಿನ ಎರಡು ಭಾಗಗಳನ್ನು ಬಿಗಿಯಾಗಿ ಕಟ್ಟಿ, ಬಾಯಿತನಕ ತುಂಬಬೇಕು. ಪ್ಲಾಸ್ಟರ್ ನೀರು ಕುಡಿದಂತೆ ಮಟ್ಟ ಇಳಿಯುತ್ತದೆ, ಆಗಾಗ ತುಂಬಿಸುತ್ತಿರಬೇಕು. ಅರ್ಧ ಗಂಟೆಯ ನಂತರ ಉಳಿದ ಹಾಲನ್ನು ಶೀಶೆಗೆ ಸೋಸಿ, ಅಚ್ಚನ್ನು ಬೋರಲು ಹಾಕಿದರೆ ಒಳಗೆ ಚರ್ಮ ಮಾತ್ರ ನಿಲ್ಲುತ್ತದೆ.

ಇಲ್ಲಿ ಅವಸರ ಸಲ್ಲದು. ಮಾರನೆಯ ದಿನ ಟಾರ್ಚ್ ಹಿಡಿದು ಒಳಗೆ ನೋಡಬೇಕು: ಒಣಗಿದ ಭಾಗ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ, ಹಸಿಯಿರುವ ಕಡೆ ಹಾಲಿನ ಬಿಳುಪು ಇನ್ನೂ ಕಾಣುತ್ತದೆ. ಬಿಳುಪು ಪೂರ್ತಿ ಹೋದ ಮೇಲೆ ಒಳಗೆ ಟಾಲ್ಕಂ ಪೌಡರ್ ಊದಿ, ಅಂಚಿನಿಂದ ನಿಧಾನವಾಗಿ ಬಿಡಿಸುತ್ತ, ಬಿಟ್ಟುಕೊಂಡಲ್ಲೆಲ್ಲ ಪೌಡರ್ ಹಾಕುತ್ತ ಹೋಗಬೇಕು. ಪೌಡರ್ ತಾಗದ ರಬ್ಬರ್ ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಒಳಗೆ ಅಲ್ಯೂಮಿನಿಯಂ ತಂತಿಯ ಎಲುಬು, ಸುತ್ತ ದಿಂಬಿನ ಪಾಲಿಯೆಸ್ಟರ್ ಹತ್ತಿ ತುಂಬಿ ತಳವನ್ನು ಲೇಟೆಕ್ಸ್ ಹಚ್ಚಿದ ಬಟ್ಟೆಯಿಂದ ಮುಚ್ಚಬೇಕು. ತಾಮ್ರದ ತಂತಿಯನ್ನು ಬಳಸಲೇಬಾರದು, ತಾಮ್ರ ತಾಗಿದ ರಬ್ಬರ್ ಬೇಗ ಶಿಥಿಲವಾಗುತ್ತದೆ. ಬರಿಯ ಅಕ್ರಿಲಿಕ್ ಬಣ್ಣ ಬಾಗಿದಲ್ಲಿ ಬಿರಿಯುವುದರಿಂದ ಅದನ್ನು ಲೇಟೆಕ್ಸ್‌ನೊಂದಿಗೆ ಬೆರೆಸಿ ಸ್ಪಂಜಿನಿಂದ ತಟ್ಟಬೇಕು. ಒಣಗಿದಾಗ ಬಣ್ಣ ಗಾಢವಾಗುತ್ತದೆಂಬುದು ನೆನಪಿರಲಿ. ಮಳೆಗಾಲದಲ್ಲಿ ಗಂಡು ಗೂಳಿಗಪ್ಪೆ ಹೊಳೆವ ಹಳದಿಯಾಗಿ, ಅದರ ಗಂಟಲ ಚೀಲಗಳು ನೀಲಿಯಾಗುತ್ತವೆ. ನನ್ನ ದೈತ್ಯನಿಗೂ ಅದೇ ಬಣ್ಣಗಳನ್ನು ಕೊಟ್ಟೆ. ಕಣ್ಣಿಗೆ ಗುಲಗಂಜಿ ಚೆನ್ನಾಗಿ ಕಂಡರೂ ಅದರ ಬೀಜ ವಿಷ. ಮಕ್ಕಳಿರುವ ಮನೆಯಲ್ಲಿ ಗಾಜಿನ ಮಣಿಯೇ ಸರಿ, ಅದನ್ನೂ ಕೀಳಲು ಬಾರದಂತೆ ಕೂರಿಸಬೇಕು.

ಕಪಾಟನ್ನು ನೇರ ಬಿಸಿಲು ಬೀಳದಲ್ಲಿ ಇಡಬೇಕು, ಬಿಸಿಲಿಗೆ ರಬ್ಬರ್ ಕೆಡುತ್ತದೆ. ಅದೇ ಅಚ್ಚಿನಿಂದ ಇನ್ನೊಂದು ಕಪ್ಪೆಯನ್ನೂ ತೆಗೆಯಬಹುದು, ಆದರೆ ಹಾಲು ಸುರಿಯುವ ಮುಂಚೆ ಅಚ್ಚನ್ನು ಮತ್ತೆ ಕೆನ್ನೆಗೆ ಒತ್ತಿ ನೋಡಬೇಕು.