ಪ್ರತಿಭಾವಂತ ಮಗುವಿನ ತಂದೆತಾಯಿಯರು ಮಾಹಿತಿ ಮತ್ತು ನೆರವನ್ನು ಹುಡುಕುವ ಬಗೆ

ಮಗು ತನ್ನ ವಯಸ್ಸನ್ನು ಮೀರಿ ಓದುತ್ತಿದೆ, ಲೆಕ್ಕ ಬಿಡಿಸುತ್ತಿದೆ ಎಂದು ತಿಳಿದೊಡನೆ ತಂದೆತಾಯಿಯರು ಮಾಹಿತಿಗಾಗಿ ಹುಡುಕತೊಡಗುತ್ತಾರೆ. ಸಾಮಾನ್ಯ ಸಲಹೆಗಳು ರಾಶಿಗಟ್ಟಲೆ ಸಿಗುತ್ತವೆ. ತಮ್ಮ ಮಗುವಿಗೆ ಹೊಂದುವಂಥವು ಬಹಳ ಕಡಿಮೆ. ಆದ್ದರಿಂದ ಹುಡುಕಾಟವನ್ನು ‘ಪ್ರತಿಭೆ’ ಎಂಬ ದೊಡ್ಡ ಪದದಿಂದಲ್ಲ, ಮನೆಯಲ್ಲಿ ಕಣ್ಣಾರೆ ಕಂಡ ಸಂಗತಿಗಳಿಂದ ಆರಂಭಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಒಂದು ನೋಟ್‌ಬುಕ್ ಇಟ್ಟುಕೊಂಡು, ಮೂರು ನಾಲ್ಕು ವಾರಗಳ ಕಾಲ ಕಂಡದ್ದನ್ನು ಕಂಡ ಹಾಗೆ ದಿನಾಂಕದೊಡನೆ ಬರೆಯಿರಿ. ‘ತುಂಬಾ ಚುರುಕು’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಐದು ವರ್ಷದ ಮಗುವಿನ ಬಗ್ಗೆ ಹೀಗೆ ಬರೆಯಬಹುದು: ‘ಗ್ರಹಗಳ ಪುಸ್ತಕವನ್ನು ತಾನೇ ಓದಿ, ಗುರುಗ್ರಹಕ್ಕೆ ಗಟ್ಟಿ ನೆಲವಿಲ್ಲದಿದ್ದರೆ ಅದರೊಳಗೆ ಬಿದ್ದ ಕಲ್ಲು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಳು. ಅರ್ಧ ಗಂಟೆಯ ಬಳಿಕ ಅಂಗಿಯ ಗುಂಡಿ ಹಾಕಲು ಬಾರದೆ ನೆಲದ ಮೇಲೆ ಹೊರಳಾಡಿ ಅತ್ತಳು.’ ಈ ಎರಡೂ ಒಂದೇ ಪುಟದಲ್ಲಿರುವುದು ಮುಖ್ಯ. ಬುದ್ಧಿ, ಭಾವನೆ ಮತ್ತು ಕೈಚಳಕ ಬೇರೆ ಬೇರೆ ವೇಗದಲ್ಲಿ ಬೆಳೆಯುವ ಈ ಸ್ಥಿತಿಯನ್ನೇ 1991ರಲ್ಲಿ ಅಮೆರಿಕದ ಪೋಷಕರು ಮತ್ತು ತಜ್ಞರು ಸೇರಿದ ಕೊಲಂಬಸ್ ಗ್ರೂಪ್ ಎಂಬ ಕೂಟ ಪ್ರತಿಭೆಯ ವ್ಯಾಖ್ಯೆಯ ಕೇಂದ್ರಕ್ಕೆ ತಂದಿತು. ಈ ಸ್ಥಿತಿಗೆ ‘ಅಸಿಂಕ್ರೊನಸ್ ಡೆವಲಪ್‌ಮೆಂಟ್’ ಎಂಬ ಹೆಸರಿದೆ. ಈ ವಿಷಯದ ಬರಹ ಬಹುಪಾಲು ಇಂಗ್ಲಿಷಿನಲ್ಲೇ ಇರುವುದರಿಂದ ಇಂಥ ಕೆಲವು ಪಾರಿಭಾಷಿಕ ಪದಗಳನ್ನು ತಿಳಿದಿರಲೇಬೇಕು. ಪ್ರತಿಭೆಯ ಜೊತೆಗೇ ಡಿಸ್ಲೆಕ್ಸಿಯಾ (ಓದು ಬರಹದ ತೊಡಕು), ಎಡಿಎಚ್‌ಡಿ (ಗಮನ ನಿಲ್ಲದಿರುವಿಕೆ, ಅತಿ ಚಟುವಟಿಕೆ) ಅಥವಾ ಆಟಿಸಂ ಇರುವ ಮಕ್ಕಳ ಬಗ್ಗೆ ತಿಳಿಯಲು ‘ಟ್ವೈಸ್ ಎಕ್ಸೆಪ್ಶನಲ್’ ಎಂದೂ, ತರಗತಿ ದಾಟಿಸುವ ವಿಚಾರ ತಿಳಿಯಲು ‘ಆಕ್ಸಲರೇಷನ್’ ಎಂದೂ ಹುಡುಕಿದರೆ ಕೆಲಸಕ್ಕೆ ಬರುವ ಬರಹಗಳು ಸಿಗುತ್ತವೆ.

ಮಾಹಿತಿಗಾಗಿ ಮೊದಲು ನೋಡಬೇಕಾದದ್ದು ದೀರ್ಘಕಾಲದಿಂದ ಈ ಕ್ಷೇತ್ರದಲ್ಲಿರುವ ಲಾಭರಹಿತ ಸಂಸ್ಥೆಗಳನ್ನು. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಫಾರ್ ಗಿಫ್ಟೆಡ್ ಚಿಲ್ಡ್ರನ್ 1954ರಲ್ಲಿ ಸ್ಥಾಪನೆಯಾಯಿತು. ಬ್ರಿಟನ್ನಿನಲ್ಲಿ 1967ರಲ್ಲಿ ಆರಂಭವಾದ ಸಂಸ್ಥೆ ಈಗ ಪೊಟೆನ್ಷಿಯಲ್ ಪ್ಲಸ್ ಯುಕೆ ಎಂಬ ಹೆಸರಿನಲ್ಲಿದೆ. ಮಗುವಿನ ಕಲಿಕೆಗಿಂತ ಅದರ ಕೋಪ, ಭಯ, ಒಂಟಿತನಗಳೇ ನಿಮ್ಮನ್ನು ಕಾಡುತ್ತಿದ್ದರೆ, ಪ್ರತಿಭಾವಂತರ ಭಾವನಾತ್ಮಕ ಅಗತ್ಯಗಳಿಗಾಗಿಯೇ 1981ರಲ್ಲಿ ಹುಟ್ಟಿದ ‘ಸೆಂಗ್’ ಸಂಸ್ಥೆಯ ಬರಹಗಳು ಹೆಚ್ಚು ಹತ್ತಿರವೆನಿಸುತ್ತವೆ. ತರಗತಿ ದಾಟಿಸುವ ಪ್ರಶ್ನೆ ಎದುರಾದವರು ಅಯೋವಾ ವಿಶ್ವವಿದ್ಯಾಲಯದ ಬೆಲಿನ್-ಬ್ಲ್ಯಾಂಕ್ ಕೇಂದ್ರವು 2004 ಮತ್ತು 2015ರಲ್ಲಿ ಹೊರತಂದ ವರದಿಗಳನ್ನು ಓದಿಯೇ ಶಾಲೆಯವರೊಡನೆ ಮಾತಿಗೆ ಕೂರುವುದು ಒಳ್ಳೆಯದು. ಇನ್ನು ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆಂದು ಹೇಳುವ ‘ಮಿಡ್‌ಬ್ರೈನ್ ಆಕ್ಟಿವೇಷನ್’ ತರಗತಿಗಳಿಗೆ ವೈಜ್ಞಾನಿಕ ಆಧಾರವಿಲ್ಲ. ಅವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಬೇಕೇ ಎಂಬುದು ಎಲ್ಲರ ಪ್ರಶ್ನೆ. ಶಾಲೆಯ ಪ್ರವೇಶ, ತರಗತಿಯ ಬದಲಾವಣೆ ಅಥವಾ ಕಲಿಕೆಯ ತೊಡಕಿನ ಅನುಮಾನದಂಥ ಯಾವುದಾದರೊಂದು ನಿರ್ಧಾರ ಅದರ ಮೇಲೆ ನಿಂತಿದ್ದರೆ ಮಾಡಿಸಿ. ಕುತೂಹಲಕ್ಕಾಗಿ ಮಾತ್ರವಾದರೆ ಬೇಡ. ತರಬೇತಾದ ಮನಶ್ಶಾಸ್ತ್ರಜ್ಞರು ಮಗುವಿನೆದುರು ಕುಳಿತು ನಡೆಸುವ ವೆಕ್ಸ್ಲರ್ ಪರೀಕ್ಷೆಯಲ್ಲಿ ಸರಾಸರಿ ಅಂಕ 100. 130 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆಯುವವರು ಸುಮಾರು ಶೇಕಡಾ 2ರಷ್ಟು ಮಂದಿ. ಆದರೆ ಒಟ್ಟು ಅಂಕವೊಂದನ್ನೇ ಕೇಳಿಕೊಂಡು ಮನೆಗೆ ಬರಬೇಡಿ. ಪದಜ್ಞಾನದಲ್ಲಿ ಬಹಳ ಮುಂದಿದ್ದು ಬರೆಯುವ ವೇಗದಲ್ಲಿ ಹಿಂದುಳಿದ ಮಗುವಿನ ಒಟ್ಟು ಅಂಕ ಸಾಧಾರಣವಾಗಿಯೇ ಕಾಣಬಹುದು, ಅದರಿಂದ ಶಕ್ತಿಯೂ ತೊಡಕೂ ಎರಡೂ ಮರೆಯಾಗಬಹುದು. ವಿಭಾಗವಾರು ಅಂಕಗಳನ್ನು ಲಿಖಿತ ವರದಿಯಲ್ಲಿ ಕೇಳಿ ಪಡೆಯಿರಿ, ಅವುಗಳ ನಡುವಿನ ಅಂತರದ ಅರ್ಥವೇನೆಂದು ವಿವರಿಸಲು ಹೇಳಿ.

ಶಾಲೆಗೆ ಹೋಗುವಾಗ ವರದಿಯ ಜೊತೆಗೆ ಆ ನೋಟ್‌ಬುಕ್ಕೂ ಕೈಯಲ್ಲಿರಲಿ. ‘ನಮ್ಮ ಮಗು ಬಹಳ ಜಾಣ’ ಎಂದು ಮಾತು ಆರಂಭಿಸಿದರೆ, ಅದನ್ನು ದಿನಕ್ಕೆ ಹತ್ತು ಬಾರಿ ಕೇಳಿರುವ ಶಿಕ್ಷಕರು ನಕ್ಕು ಸುಮ್ಮನಾಗುತ್ತಾರೆ. ‘ಲೆಕ್ಕಗಳನ್ನು ಹತ್ತು ನಿಮಿಷದಲ್ಲಿ ಮುಗಿಸಿ ಉಳಿದ ಹೊತ್ತು ಪಕ್ಕದವರನ್ನು ಮಾತಿಗೆಳೆಯುತ್ತಾನೆ ಎಂದು ನೀವೇ ಹೇಳಿದ್ದೀರಿ, ಆ ಹೊತ್ತಿಗೆ ಬೇರೇನಾದರೂ ಕೊಡಲು ಸಾಧ್ಯವೇ?’ ಎಂದು ಕೇಳಿದರೆ ಚರ್ಚೆಗೆ ದಾರಿಯಾಗುತ್ತದೆ. ಬಲ್ಲ ಪಾಠವನ್ನು ಮತ್ತೆ ಮಾಡಿಸದೆ ಆ ಸಮಯವನ್ನು ಆಳವಾದ ಕೆಲಸಕ್ಕೆ ಬಿಟ್ಟುಕೊಡುವ ಕ್ರಮವನ್ನು ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಜೋಸೆಫ್ ರೆನ್ಜುಲಿ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ್ದು, ಮಗುವಿನ ತರಗತಿಯನ್ನು ಬದಲಿಸದೆಯೂ ಅದನ್ನು ನಡೆಸಬಹುದು.

ಬೇರೆ ಪೋಷಕರ ಒಡನಾಟ ಮಾತ್ರ ಓದಿನಿಂದ ಸಿಗುವಂಥದ್ದಲ್ಲ. ಗ್ರಂಥಪಾಲಕರು, ಚೆಸ್ ಅಥವಾ ಸಂಗೀತ ಕಲಿಸುವವರು, ಮಕ್ಕಳ ಮನಶ್ಶಾಸ್ತ್ರಜ್ಞರು ಇಂಥ ಕುಟುಂಬಗಳನ್ನು ಬಲ್ಲವರಾಗಿರುತ್ತಾರೆ. ಅವರ ಮೂಲಕ ಎರಡು ಮೂರು ಮನೆಯವರ ಪರಿಚಯವಾದರೂ ಸಾಕು. ಸೇರಿದಾಗಲೆಲ್ಲ ಮಾತು ಅಂಕ, ಬಹುಮಾನಗಳ ಕಡೆಗೇ ತಿರುಗುವ ಗುಂಪಿನಿಂದ ನಾನಾದರೆ ಮೆಲ್ಲಗೆ ಹೊರಬರುತ್ತೇನೆ. ‘ನಿನ್ನೆ ರಾತ್ರಿ ಸಾವಿನ ಬಗ್ಗೆ ಕೇಳಿ ಕೇಳಿ ಮಲಗಲೇ ಇಲ್ಲ’ ಎಂದು ಒಬ್ಬರು ಹೇಳಿದಾಗ ‘ನಮ್ಮವನೂ ಹಾಗೆಯೇ’ ಎನ್ನುವವರಿದ್ದರೆ ಅಲ್ಲಿ ಉಳಿಯಬಹುದು.

ಆದರೆ ಆ ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ, ಮಗು ಊಟ ಬಿಟ್ಟರೆ, ಶಾಲೆಗೆ ಹೋಗಲು ಹೆದರಿದರೆ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಮಾತಾಡಿದರೆ, ಪ್ರತಿಭಾವಂತ ಮಕ್ಕಳ ತಜ್ಞರೇ ಸಿಗಲಿ ಎಂದು ಕಾಯದೆ, ಹತ್ತಿರದ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ತಕ್ಷಣ ಕಾಣಿರಿ. ನೋಟ್‌ಬುಕ್ಕನ್ನು ಅವರ ಮುಂದೆಯೂ ಇಡಿ.